ಎಡಗೈಯ ಮೇಲಿನ ಗುಂಡು

ಇವತ್ತು ಬೆಳಿಗ್ಗೆ ನಮ್ಮ ಮನೆಯ ಮೌಸ್ ನಿಂತುಹೋಯಿತು. ನಾದಿನಿಯ ಮೊಮ್ಮಗನ ತೊಟ್ಟಿಲು ಕಾರ್ಯಕ್ರಮದ ಫೋಟೋಗಳನ್ನು ನೋಡೋಣವೆಂದು ಕಂಪ್ಯೂಟರ್ ಮುಂದೆ ಕುಳಿತಿದ್ದೆ. ಪರದೆಯ ಮೇಲಿನ ಬಾಣ ಒಬ್ಬ ಹಿರಿಯ ಅತ್ತೆಯವರ ಮೂಗಿನ ಮೇಲೆ ಹೋಗಿ ಕುಳಿತದ್ದು ಅಲ್ಲಿಂದ ಏಳಲೇ ಇಲ್ಲ. ಮೌಸನ್ನು ಅಲ್ಲಾಡಿಸಿದೆ, ಊದಿದೆ, ಮೇಜಿಗೆ ಕುಟ್ಟಿದೆ, ಕೊನೆಗೆ ಬೈದೆ. ಇಷ್ಟೆಲ್ಲ ಶಾಸ್ತ್ರ ಮುಗಿದ ಮೇಲೆ ನನ್ನ ಕೈ ನನ್ನನ್ನು ಕೇಳದೆ ಅದನ್ನು ಅಂಗಾತ ಮಾಡಿ, ಹೊಟ್ಟೆಯ ಮೇಲೆ ಹೆಬ್ಬೆರಳಿನಿಂದ ಏನನ್ನೋ ಹುಡುಕತೊಡಗಿತು. ಅಲ್ಲಿ ಹಳೆಯ ಮೌಸುಗಳ ಹಾಗೆ ತಿರುಗಿಸಿ ತೆಗೆಯುವ ಬಿಲ್ಲೆಯಿರಲಿಲ್ಲ. ಬಿಲ್ಲೆಯ ಹಿಂದೆ ಗುಂಡೂ ಇರಲಿಲ್ಲ. ಒಂದು ಸಣ್ಣ ತೂತು, ಅದರೊಳಗೆ ಆರಿದ ದೀಪ, ಅಷ್ಟೇ.

"ಸೆಲ್ ಮುಗಿದಿರಬೇಕು ನೋಡ್ರಿ," ಎಂದು ಅಡುಗೆಮನೆಯಿಂದ ನನ್ನ ಹೆಂಡತಿ ನೀಲಾ ಹೇಳಿದಳು. ಆಮೇಲೆ ಕೈ ಒರೆಸಿಕೊಳ್ಳುತ್ತ ಬಾಗಿಲಿಗೆ ಬಂದು, ಎಡಗೈಯ ಮೇಲೆ ಮೌಸ್ ಇಟ್ಟುಕೊಂಡು ನೋಡುತ್ತಿದ್ದ ನನ್ನ ಭಂಗಿ ಕಂಡು ನಕ್ಕಳು. "ಪೂಜಾ ನಡದೈತೇನು? ನಡೀಲಿ, ನಡೀಲಿ."

ಈ ಮಾತು ನಮ್ಮಿಬ್ಬರ ನಡುವೆ ಬಹಳ ವರ್ಷಗಳಿಂದ ಇದೆ. ಮಕ್ಕಳಿಗೂ ಇದರ ಅರ್ಥ ಹೇಳಿಲ್ಲ. ನಿಮಗೆ ಹೇಳಿದರೆ ನನ್ನ ಮರ್ಯಾದೆ ಒಂದಿಷ್ಟು ಕಡಿಮೆಯಾಗುತ್ತದೆ. ಆದರೆ ಇರುವುದರಲ್ಲಿ ಅಷ್ಟು ಹೋದರೆ ಯಾರ ಗಮನಕ್ಕೂ ಬರಲಿಕ್ಕಿಲ್ಲ ಎಂಬ ಧೈರ್ಯದಿಂದ ಹೇಳುತ್ತೇನೆ, ಕುಳಿತುಕೊಳ್ಳಿ.

ತೊಂಬತ್ತರ ದಶಕ ಮುಗಿಯುತ್ತ ಬಂದಿತ್ತು. ಸಿಂಧನೂರಿನಲ್ಲಿ ಒಂದು ಅಕ್ಕಿ ಗಿರಣಿಯ ಗೋಡೆಗೆ ಅಂಟಿಕೊಂಡ ಕೋಣೆಯಲ್ಲಿ ನಾನು ಡಿಟಿಪಿ ಅಂಗಡಿ ಇಟ್ಟಿದ್ದೆ. ಮದುವೆ ಕಾರ್ಡು, ಕರಪತ್ರ, ಅಕ್ಕಿ ಚೀಲದ ಲೇಬಲ್ಲು ಇವೇ ನನ್ನ ಸಾಹಿತ್ಯ. ಒಂದು ಕಂಪ್ಯೂಟರು, ಅದಕ್ಕೊಂದು ಮೌಸು. ಆ ಕಾಲದಲ್ಲಿ ಕಂಪ್ಯೂಟರ್ ಕೋಣೆ ಎಂದರೆ ಗರ್ಭಗುಡಿ ಎಂದೇ ಲೆಕ್ಕ. ಚಪ್ಪಲಿ ಹೊರಗೆ ಬಿಡಬೇಕು, ಬಾಗಿಲ ಪರದೆ ಸರಿಸಿ ಮೆಲ್ಲಗೆ ಒಳಗೆ ಬರಬೇಕು, ಗಟ್ಟಿಯಾಗಿ ಮಾತಾಡಬಾರದು. ಯಾಕೆಂದು ನನಗೂ ಗೊತ್ತಿರಲಿಲ್ಲ, ನನಗೆ ಕಂಪ್ಯೂಟರ್ ಕಲಿಸಿದವರು ಹಾಗೆ ಹೇಳಿದ್ದರು. ಜವಳಗೇರಾದ ಒಬ್ಬ ರೈತರು ಮಗಳ ಮದುವೆ ಕಾರ್ಡು ಮಾಡಿಸಲು ಬಂದಾಗ, ಪರದೆಯ ಮೇಲೆ ಗಣಪತಿಯ ಚಿತ್ರ ಮೂಡಿದ ಕೂಡಲೇ ಕೈಮುಗಿದು ಗಲ್ಲ ಮುಟ್ಟಿಕೊಂಡಿದ್ದರು. ಬಂಗಾಳಿ ನಿರಾಶ್ರಿತರ ಆರ್.ಎಚ್. ಕ್ಯಾಂಪಿನಿಂದ ಬಂದ ಯಜಮಾನರೊಬ್ಬರು ತಮ್ಮ ಕಾರ್ಡಿನ ಮೇಲೆ ಶುಭಕ್ಕೆ ಮೀನಿನ ಚಿತ್ರ ಬೇಕೆಂದಾಗ ಮಾತ್ರ ನನ್ನ ಗರ್ಭಗುಡಿ ಸ್ವಲ್ಪ ಗಲಿಬಿಲಿಗೊಂಡಿತ್ತು. ಮೀನು ಹಾಕಿಕೊಟ್ಟೆ. ಅದಕ್ಕೆ ಬಾಳೆಲೆಯ ಹಾಗೆ ಹಸಿರು ಬಣ್ಣ ಬಳಿದು ನನ್ನ ಮನಸ್ಸಿಗೆ ಸಮಾಧಾನ ಮಾಡಿಕೊಂಡೆ.

ಗಿರಣಿಯ ತೌಡಿನ ಧೂಳು ಎಷ್ಟು ಪರದೆ ಕಟ್ಟಿದರೂ ಒಳಗೆ ಬರುತ್ತಿತ್ತು. ಬೇಯಿಸಿದ ಭತ್ತದ ವಾಸನೆಯೂ ಬರುತ್ತಿತ್ತು. ಅದನ್ನು ಓಡಿಸಲು ಬೆಳಿಗ್ಗೆ ಬಾಗಿಲು ತೆಗೆದ ಕೂಡಲೇ ಎರಡು ಊದಿನಕಡ್ಡಿ ಹಚ್ಚುವುದು ನನ್ನ ರೂಢಿ. ಇದನ್ನು ನೆನಪಿಟ್ಟುಕೊಳ್ಳಿ. ಚಪ್ಪಲಿ ಹೊರಗೆ, ಊದಿನಕಡ್ಡಿ ಒಳಗೆ.

ನಮ್ಮದು ಲಿಂಗ ಕಟ್ಟಿಕೊಳ್ಳುವ ಮನೆತನ. ಬೆಳಿಗ್ಗೆ ಜಳಕ ಮಾಡಿ, ಕೊರಳಲ್ಲಿರುವ ಲಿಂಗವನ್ನು ಬಿಚ್ಚಿ, ತೊಳೆದು, ಬಿಳಿ ಬಟ್ಟೆಯಿಂದ ಒರೆಸಿ, ಎಡಗೈಯ ಮೇಲಿಟ್ಟುಕೊಂಡು ಕಣ್ಣು ಮಿಟುಕಿಸದೆ ನೋಡುತ್ತ ಕೂಡಬೇಕು. ನಮ್ಮ ಅವ್ವ ಅದನ್ನು ಒಂದು ದಿನವೂ ತಪ್ಪಿಸಿದವಳಲ್ಲ. ನಾನು ತಪ್ಪಿಸದ ದಿನ ಹುಡುಕಬೇಕಿತ್ತು. ನನ್ನ ಲಿಂಗ ಅದನ್ನಿಡುವ ಬೆಳ್ಳಿಯ ಕರಡಗಿಯ ಸಮೇತ ದೇವರ ಜಗಲಿಯ ಮೇಲೆ ಅವ್ವನ ಸುಪರ್ದಿನಲ್ಲಿತ್ತು. ಯಾಕೆ ಕಟ್ಟಿಕೊಳ್ಳುವುದಿಲ್ಲ ಎಂದು ಅವಳು ಕೇಳಿದಾಗ, "ಬೆಳ್ಳಿ ಬಾಜೂಕ ಬಂದ್ರ ಫ್ಲಾಪಿಯೊಳಗಿನ ಅಕ್ಷರ ಅಳಿಸಿ ಹೋಗ್ತಾವಬೇ," ಎಂದಿದ್ದೆ. ಅವ್ವ ನಂಬಿದಳು. ನಂಬಿದ್ದಷ್ಟೇ ಅಲ್ಲ, ಒಮ್ಮೆ ಅಂಗಡಿಗೆ ಬುತ್ತಿ ತಂದಾಗ ಕಾಲುಂಗುರ ಕಳಚಿ ಸೆರಗಿನಲ್ಲಿ ಕಟ್ಟಿಕೊಂಡು ದೂರ ನಿಂತಿದ್ದಳು. ವಿಜ್ಞಾನದ ಹೆಸರಿನಲ್ಲಿ ನಾನು ಆಡಿದ ಮಾತುಗಳಲ್ಲಿ ಜನ ಪೂರ್ತಿ ನಂಬಿದ್ದು ಅದೊಂದೇ.

ಹೀಗಿರುವಾಗ ಮಸ್ಕಿಯಲ್ಲಿ ಕಿರಾಣಿ ಅಂಗಡಿ ಇಟ್ಟುಕೊಂಡಿದ್ದ ನನ್ನ ಸೋದರಮಾವ, ನಾವೆಲ್ಲ ಮಸ್ಕಿ ಮಾಮಾ ಅನ್ನುವ ಮನುಷ್ಯ, ನನಗೆ ಲಿಂಗಸುಗೂರಿನ ಒಂದು ಹೆಣ್ಣು ಗೊತ್ತು ಮಾಡಿದ. ಮಾಮಾನ ಬಾಯಲ್ಲಿ ಎಲೆ ಅಡಿಕೆ ಇಲ್ಲದ ಗಳಿಗೆಯನ್ನು ಕಂಡವರಿಲ್ಲ. ಬಸ್ಸಿನಲ್ಲಿ ಕುಳಿತು, ಕಿಟಕಿಯಾಚೆ ಉಗುಳಿ, ನನಗೆ ಎಚ್ಚರಿಕೆ ಹೇಳಿದ.

"ನೋಡು ತಮ್ಮಾ, ಹುಡಿಗಿ ಬಂಗಾರದಂಥಾಕಿ. ಅಪ್ಪ ಗುರುಪಾದಪ್ಪ ಮಾತ್ರ ಭಾಳ ಕಡಕ್ ಮನಷ್ಯಾ. ಹೊರಗ ಚಾ ಸೈತ ಕುಡಿಯಂಗಿಲ್ಲ. ರಾಯಚೂರಿಗೆ ಹೋದ್ರ ಮನಿಯಿಂದ ನೀರು ತಗೊಂಡು ಹೋಗ್ತಾನ. ಪೂಜಾ ಇಲ್ಲದ ಹುಡುಗರ್ನ ಅಂಗಳ ಸೈತ ತುಳಸಗೊಡಂಗಿಲ್ಲ."

ಆ ಅಂಗಳವನ್ನು ನಾನು ತುಳಿದೆ. ಉಪ್ಪಿಟ್ಟು ಬಂತು, ಅದರ ಹಿಂದೆ ನೀಲಾ ಬಂದಳು. ಅವಳು ತಲೆಯೆತ್ತಿ ನೇರವಾಗಿ ನನ್ನನ್ನು ನೋಡಿ, "ಕಂಪ್ಯೂಟರಿನ್ಯಾಗ ಕನ್ನಡ ಬರತೈತೇನ್ರಿ?" ಎಂದು ಕೇಳಿದಳು. ಆ ಕಣ್ಣು ನೋಡಿ ನನಗೆ ಎದೆಯಲ್ಲಿ ಏನೋ ಆಯಿತು. ಏನಾದರೂ ಆದಾಗ ಸುಮ್ಮನಿರುವ ಜಾಣತನ ನನಗೆ ಆಗಲೂ ಇರಲಿಲ್ಲ. ಕನ್ನಡದಿಂದ ಸುರು ಮಾಡಿ ಇಡೀ ಯಂತ್ರವನ್ನೇ ಬಿಚ್ಚಿ ಹರವಿದೆ.

"ಅದರ ಬಾಜೂಕ ಮೌಸ್ ಅಂತ ಒಂದು ಇರತೈತ್ರಿ. ಮೌಸ್ ಅಂದ್ರ ಇಲಿ. ಬಾಲಾನೂ ಇರತೈತಿ. ಆದ್ರ ಕಡಿಯಂಗಿಲ್ಲ, ಹೆದರಬ್ಯಾಡ್ರಿ."

"ಹೌದೇನ್ರಿ?" ಎಂದು ಅವಳು ಬಹಳ ಗಂಭೀರವಾಗಿ ತಲೆಯಾಡಿಸಿದಳು. ಇಂಥ ಮುಗ್ಧ ಹುಡುಗಿಗೆ ನಾನೇ ಎಲ್ಲವನ್ನೂ ಕಲಿಸಬೇಕು ಎಂದು ನನ್ನ ಮನಸ್ಸು ಕರಗಿತು.

ಗುರುಪಾದಪ್ಪನವರು ಅಲ್ಲಿಯವರೆಗೆ ಮಾತಾಡಿರಲಿಲ್ಲ. ಹಣೆಯ ತುಂಬ ವಿಭೂತಿ, ದಪ್ಪ ಗಾಜಿನ ಕನ್ನಡಕ. ಒಂದೇ ಪ್ರಶ್ನೆ ಕೇಳಿದರು. "ಹುಡುಗ ಲಿಂಗಪೂಜಾ ಮಾಡ್ತಾನೇನು?"

ನಾನು ಬಾಯಿ ತೆರೆಯುವ ಮೊದಲೇ ಮಾಮಾ, "ಬಿಡಂಗಿಲ್ರಿ!" ಎಂದುಬಿಟ್ಟ. ಹಿಡಿದರೆ ತಾನೆ ಬಿಡುವುದು ಎಂಬ ಅರ್ಥದಲ್ಲಿ ಅದು ಸುಳ್ಳಲ್ಲ ಎಂದು ಆಮೇಲೆ ಬಸ್ಸಿನಲ್ಲಿ ಸಮರ್ಥನೆ ಕೊಟ್ಟ. ಆದರೆ ಗುರುಪಾದಪ್ಪನವರು ಅಷ್ಟಕ್ಕೆ ಬಿಡುವವರಾಗಿರಲಿಲ್ಲ. "ಆಗ್ಲಿ. ನಾ ಒಂದಿನ ಬಂದು ನೋಡಿ ಹೇಳ್ತೀನಿ," ಎಂದರು. ಯಾವ ದಿನ ಎಂದು ಹೇಳಲಿಲ್ಲ.

ಮರುದಿನ ನಸುಕಿನಲ್ಲೇ ಎದ್ದು, ಜಳಕ ಮಾಡಿ, ಅವ್ವನಿಂದ ಲಿಂಗ ಇಸಿದುಕೊಂಡು ಕೂತೆ. ಅವ್ವ "ಫ್ಲಾಪಿಗೆ ಏನಾಗಂಗಿಲ್ಲೇನು?" ಎಂದು ಗಾಬರಿಯಾದಳು. ಕೆಲವು ದಿನ ನಡೆಯಿತು. ಆಮೇಲೆ ಮದುವೆ ಕಾರ್ಡುಗಳ ಹಂಗಾಮು ಸುರುವಾಗಿ, ಲಿಂಗ ತಿರುಗಿ ಜಗಲಿಗೆ ಹೋಯಿತು. ಲಿಂಗಸುಗೂರಿನಿಂದ ಯಾರೂ ಬರಲಿಲ್ಲ. ನೀಲಾಳ ಕಣ್ಣು ಮಾತ್ರ ದಿನಾಲು ನೆನಪಾಗುತ್ತಿತ್ತು. ಬೇರೆಯವರ ಮದುವೆ ಕಾರ್ಡುಗಳಲ್ಲಿ ವಧುವಿನ ಹೆಸರು ಕೂಡಿಸುವಾಗ ಕೈ ತಾನೇ 'ನೀ' ಎಂದು ಹೊಡೆದು ನಿಲ್ಲುತ್ತಿತ್ತು.

ಮೌಸ್ ನಿಂತದ್ದು ಅಂಥ ಒಂದು ದಿನ ಬೆಳಿಗ್ಗೆ. ಗಿರಣಿ ಮಾಲೀಕರ ಮಗನ ಕಾರ್ಡು ಅವತ್ತೇ ಕೊಡಬೇಕಿತ್ತು. ಬಾಣ ವರನ ಮುತ್ತಜ್ಜನ ಹೆಸರಿನ ಮೇಲೆ ಹೋಗಿ ನಿಂತಿತು. ಯಂತ್ರ ಆರಿಸಿ ಹಚ್ಚಿದೆ. ಮೌಸಿಗೆ ತಲೆ ಸವರಿದೆ. ಕೊನೆಗೆ ಎದುರಿನ ಎಸ್‌ಟಿಡಿ ಬೂತಿಗೆ ಓಡಿ, ರಾಯಚೂರಿನಲ್ಲಿ ನನಗೆ ಕಂಪ್ಯೂಟರ್ ಮಾರಿದವರಿಗೆ ಫೋನು ಹಚ್ಚಿದೆ.

"ಮೌಸ್ ನಡೆವಲ್ದ್ರಿ."

"ಬಾಲ್ ತಗೀರಿ, ಚಲೋತ್ನ್ಯಾಗಿ ಒರಸಿ ತಿರುಗಿ ಹಾಕ್ರಿ. ನಡೀತೈತಿ," ಎಂದು ಆ ಕಡೆಯವನು ಫೋನಿಟ್ಟ.

ಬಾಲ ತೆಗೆಯಬೇಕು, ಸರಿ. ಓಡಿ ಬಂದು ಮೌಸಿನ ವಾಯರನ್ನು ಕಿತ್ತೆ. ಹಸಿ ಬಟ್ಟೆಯಿಂದ ಬುಡದಿಂದ ತುದಿಯವರೆಗೆ ಒರೆಸಿದೆ, ಒಣ ಬಟ್ಟೆಯಿಂದ ಇನ್ನೊಮ್ಮೆ ಒರೆಸಿದೆ, ಮತ್ತೆ ಸಿಗಿಸಿದೆ. ಮುತ್ತಜ್ಜ ಅಲ್ಲೇ ಇದ್ದರು. ತಿರುಗಿ ಬೂತಿಗೆ ಓಡಿದೆ.

"ಬಾಲ ಒರಸಿದ್ನಿರಿ. ಆದ್ರೂ ನಡೆವಲ್ದು."

"ಕಸ ಇತ್ತೇನು?"

"ತುದೀಗೆ ಒಂದೀಟು ಧೂಳಿತ್ತು."

"ತುದೀಗೆ? ನೀವು ಏನ್ ಒರಸೀರಿ?"

"ಬಾಲ ರೀ. ಹಿಂದಿಂದು. ಉದ್ದಂದು."

ಅವನು ಫೋನಿನ ಬಾಯಿ ಸರಿಯಾಗಿ ಮುಚ್ಚದೆ ಯಾರಿಗೋ, "ಸಿಂಧನೂರಾಗ ಒಬ್ಬಾವ ಇಲಿ ಬಾಲ ತಿಕ್ಕ್ಯಾನ ನೋಡಲೇ!" ಎಂದದ್ದು, ಒಂದು ಕೋಣೆ ತುಂಬ ಜನ ನಕ್ಕದ್ದು ನನಗೆ ಕೇಳಿಸಿತು. "ಬಾಲ ಅಲ್ರೀ, ಬಾಲು! ಗುಂಡು! ಅದರ ಹೊಟ್ಟ್ಯಾಗ ಗುಂಡು ಐತಿ!"

ನಾನು ಕಂಪ್ಯೂಟರ್ ಕಲಿತವನೇ. ಆದರೆ ನಾನು ಕಲಿತ ಕಡೆ ಮೌಸನ್ನು ಹಿಡಿಯುವ ಅಧಿಕಾರ ಮೇಷ್ಟ್ರಿಗೆ ಮಾತ್ರ ಇತ್ತು. ನಮಗೆ ಅದರ ಚಿತ್ರವನ್ನು ಹಲಗೆಯ ಮೇಲೆ ಬರೆದು ತೋರಿಸಿದ್ದರು. ಚಿತ್ರದಲ್ಲಿ ಬಾಲ ಇತ್ತು, ಹೊಟ್ಟೆ ಇರಲಿಲ್ಲ.

ಅಂಗಡಿಗೆ ಬಂದು ಮೌಸನ್ನು ಅಂಗಾತ ಮಾಡಿ ಬಿಲ್ಲೆ ತಿರುಗಿಸಿದೆ. ಬೂದುಗಪ್ಪು ಬಣ್ಣದ ಗುಂಡು ಟಪ್ಪನೆ ಅಂಗೈಗೆ ಬಿತ್ತು. ಅಷ್ಟು ಸಣ್ಣದರಲ್ಲಿ ಅಷ್ಟು ಭಾರ ಇರುತ್ತದೆಂದು ನಾನು ಎಣಿಸಿರಲಿಲ್ಲ. ಅದರ ಮೈತುಂಬ ತೌಡು, ನನ್ನ ಕೈಯ ಎಣ್ಣೆ, ಯಾವುದೋ ಕೂದಲು. ತಂಬಿಗೆಯ ನೀರಿನಿಂದ ತೊಳೆದೆ. ಬಿಳಿ ಕರವಸ್ತ್ರದಿಂದ ಒರೆಸಿದೆ. ಕುರ್ಚಿಯ ಮೇಲೆ ಚಕ್ಕಳಮಕ್ಕಳ ಹಾಕಿಕೊಂಡು ಗುಂಡನ್ನು ಎಡಗೈಯ ಮೇಲೆ ಇಟ್ಟುಕೊಂಡೆ, ಯಾಕೆಂದರೆ ಬಲಗೈಯಲ್ಲಿ ಕೂದಲು ತೆಗೆಯುವ ಪಿನ್ನು ಇತ್ತು. ಕಿಟಕಿಯ ಬೆಳಕಿಗೆ ಹಿಡಿದು ಕಣ್ಣು ಮಿಟುಕಿಸದೆ ನೋಡಿದೆ. ಅವತ್ತು ತಲೆಗೆ ನೀರು ಹಾಕಿಕೊಂಡಿದ್ದೆ, ಕೂದಲು ಇನ್ನೂ ಹಸಿ. ಹಣೆಯ ಮೇಲೆ ಅವ್ವ ಹಚ್ಚಿ ಕಳಿಸಿದ ವಿಭೂತಿ. ಪಕ್ಕದಲ್ಲಿ ಊದಿನಕಡ್ಡಿ. ಬಾಯಲ್ಲಿ ನನಗೆ ತಿಳಿಯದೆ ಮಾತು ಬಂತು. "ಇದೊಂದು ಸಲ ಕೈ ಬಿಡಬ್ಯಾಡಪ್ಪಾ. ನನ್ನ ಮರ್ಯಾದಿ ಈಗ ನಿನ್ನ ಕೈಯಾಗೈತಿ."

ಗುಂಡು ಕೈಬಿಡಲಿಲ್ಲ. ಒಳಗೆ ಹಾಕಿ ಬಿಲ್ಲೆ ತಿರುಗಿಸಿದ ಕೂಡಲೇ ಬಾಣ ಮುತ್ತಜ್ಜನನ್ನು ಬಿಟ್ಟು ಮುಂದೆ ಓಡಿತು. ಕಾರ್ಡು ಹೊತ್ತಿಗೆ ಸರಿಯಾಗಿ ಹೋಯಿತು.

ಎರಡು ದಿನ ಬಿಟ್ಟು ಮಸ್ಕಿ ಮಾಮಾ ಚಪ್ಪಲಿ ಹಾಕಿಕೊಂಡೇ ಗರ್ಭಗುಡಿಗೆ ನುಗ್ಗಿ ನನ್ನನ್ನು ಅಪ್ಪಿಕೊಂಡ.

"ಲೇ ತಮ್ಮಾ, ನೀ ಇಂಥಾಂವ ಅಂತ ನನಗ ಗೊತ್ತಿದ್ದಿದ್ದಿಲ್ಲ ಬಿಡು! ಗುರುಪಾದಪ್ಪ ಬಂದು ನೋಡಿಕೊಂಡು ಹೋಗ್ಯಾನ. ಕಿಡಿಕ್ಯಾಗಿಂದ ನೋಡ್ಯಾನ. ಎಡಗೈ ಮ್ಯಾಲೆ ಲಿಂಗ ಇಟಗೊಂಡು ಕುಂತಿದ್ದೆಂತಲ್ಲೋ, ಅಂಗಡ್ಯಾಗ! ಬಾಜೂಕ ಮಂದಿ ಬಂದು ನಿಂತ್ರೂ ಖಬರಿದ್ದಿಲ್ಲಂತ. 'ಕೈ ಬಿಡಬ್ಯಾಡಪ್ಪಾ' ಅಂತ ಅಂದಿಯಂತ. ಹೇಳೂಮುಂದ ಹಿರ್ಯಾನ ಕಣ್ಣಾಗ ನೀರು ಬಂದ್ವು. ಪೂಜಾದಾಗ ಇದ್ದವ್ರನ್ನ ಎಬ್ಬಸಬಾರ್ದಂತ ಒಂದು ಮಾತಾಡದ ಹಂಗ ತಿರುಗಿ ಬಸ್ ಹತ್ಯಾನ. ಸಂಬಂಧ ಪಕ್ಕಾ!"

ನನಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅರ್ಥವಾದ ಕೂಡಲೇ ಮೌಸಿನ ಬಿಲ್ಲೆ ತಿರುಗಿಸಿ ಗುಂಡು ತೆಗೆದು ಮಾಮಾನಿಗೆ ತೋರಿಸಿದೆ. ಮಾಮಾ ಅದನ್ನು ನೋಡಿದ, ನನ್ನನ್ನು ನೋಡಿದ, ಎಲೆ ಅಡಿಕೆ ಅಗಿಯುವುದನ್ನು ಒಂದು ಕ್ಷಣ ನಿಲ್ಲಿಸಿದ. ಆಮೇಲೆ, "ಹೌದನ್ನಬ್ಯಾಡ, ಅಲ್ಲನ್ನಬ್ಯಾಡ. ಸುಮ್ನ ತಾಳಿ ಕಟ್ಟು," ಎಂದು ತೀರ್ಪು ಕೊಟ್ಟು ಮಸ್ಕಿಯ ಬಸ್ ಹಿಡಿದ.

ಸುಮ್ಮನೆ ತಾಳಿ ಕಟ್ಟಬಹುದಿತ್ತು. ಬೇರೆ ಯಾವ ಹುಡುಗಿಯಾಗಿದ್ದರೂ ಕಟ್ಟುತ್ತಿದ್ದೆನೋ ಏನೋ. ಆದರೆ ನೀಲಾಳ ಆ ಕಣ್ಣುಗಳು ಮದುವೆಯಾದ ಮೊದಲ ಬೆಳಿಗ್ಗೆಯೇ ನನ್ನನ್ನು ನೋಡುತ್ತ, ಈಗ ಪೂಜೆಗೆ ಕೂಡುತ್ತಾನೆ ಎಂದು ಕಾಯುತ್ತವೆ. ಅದನ್ನು ನೆನೆದರೆ ಊಟ ಇಳಿಯುತ್ತಿರಲಿಲ್ಲ. ಹೇಳಿದರೆ ಹುಡುಗಿ ಹೋಗುತ್ತಾಳೆ, ಹೇಳದಿದ್ದರೆ ಹುಡುಗಿಯ ಮುಂದೆ ಜೀವನವಿಡೀ ಪಿನ್ನು ಹಿಡಿದು ಕೂಡಬೇಕು. ಕೊನೆಗೆ ಒಂದು ಮುಂಜಾನೆ, ಬಾಯಿ ಮಾತಿಗೆ ಪುರಾವೆ ಇರಲಿ ಎಂದು ಗುಂಡನ್ನೇ ಕರವಸ್ತ್ರದಲ್ಲಿ ಸುತ್ತಿ ಅಂಗಿಯ ಕಿಸೆಯಲ್ಲಿಟ್ಟುಕೊಂಡು ಲಿಂಗಸುಗೂರಿನ ಬಸ್ ಹತ್ತಿದೆ. ಮಸ್ಕಿಯಲ್ಲಿ ಬಸ್ಸು ನಿಂತಾಗ ಮಾಮಾನ ಕಣ್ಣಿಗೆ ಬೀಳಬಾರದೆಂದು ಸೀಟಿನ ಕೆಳಗೆ ಬಗ್ಗಿ ಇಲ್ಲದ ಚಿಲ್ಲರೆ ಹುಡುಕಿದೆ.

ಬಾಗಿಲು ತೆರೆದದ್ದು ನೀಲಾ. "ಬರ್ರಿ. ಅವ್ವ ಸಂತಿಗೆ ಹೋಗ್ಯಾಳ. ಅಪ್ಪ ಪೂಜಾದಾಗ ಕುಂತಾನ, ಇನ್ನ ಯಾಳೆ ಹಿಡೀತೈತಿ," ಎಂದು ನೀರು ಕೊಟ್ಟಳು. ನಾನು ನೀರು ಕುಡಿಯಲಿಲ್ಲ. ಏನು ಹೇಳಬೇಕೆಂದು ಬಸ್ಸಿನಲ್ಲಿ ಕಟ್ಟಿದ್ದ ಮಾತುಗಳೆಲ್ಲ ಬಿಚ್ಚಿಹೋದವು. ಕಿಸೆಯಿಂದ ಕರವಸ್ತ್ರ ತೆಗೆದು ಬಿಡಿಸಿ ಅವಳ ಮುಂದೆ ಹಿಡಿದೆ.

ನೀಲಾ ಬಗ್ಗಿ ನೋಡಿದಳು. "ಅಯ್ಯ, ಇದನ್ಯಾಕ ತಂದ್ರಿ? ಅಲ್ಲಿ ಮೌಸ್ ಖಾಲಿ ಹೊಟ್ಟೀಲೆ ಕುಂತಿರತೈತಲ್ಲ!"

"ಇದು ನಿಮಗ ಗೊತ್ತೇನು?"

"ಇಲ್ಲಿ ಟೈಪಿಂಗ್ ಕ್ಲಾಸಿನ್ಯಾಗ ಕಂಪ್ಯೂಟರ್ ಬಂದು ಭಾಳ ದಿನ ಆತ್ರಿ. ಗುಂಡು ತೊಳಿಯೂ ಕೆಲಸ ನಂದ."

"ಮತ್ತ ಆವತ್ತು ನಾ ಇಲಿ, ಬಾಲ ಅಂತ ಹೇಳೂಮುಂದ..."

"ನೀವು ಭಾಳ ಖುಷೀಲೆ ಹೇಳಾಕತ್ತಿದ್ರಿ. ನಡುವ ಬಾಯಿ ಹಾಕೂದು ಯಾಕಂತ ಸುಮ್ಕಾದೆ."

ಭೂಮಿ ಬಾಯಿ ಬಿಡಲಿ ಎಂದು ಜನ ಯಾಕೆ ಅನ್ನುತ್ತಾರೆಂದು ನನಗೆ ಆಗ ತಿಳಿಯಿತು. ಆದರೂ ಬಂದ ಕೆಲಸ ಬಿಡಬಾರದೆಂದು, "ನಿಮ್ಮ ಅಪ್ಪಾರಿಗೆ ಹೇಳಾಕ ಬಂದೀನಿ. ಆವತ್ತು ನನ್ನ ಕೈಯಾಗಿದ್ದದ್ದು ಇದು," ಎಂದೆ.

"ನನಗ ಆವತ್ತ ಗೊತ್ತಾತು. ಅಪ್ಪ ಬಂದು, ನಿಂಬಿಕಾಯಿಯಷ್ಟು ಗುಂಡಗಿತ್ತು ಅಂದ, ಬೂದಿ ಬಣ್ಣ ಅಂದ, ಪಿನ್ನೀಲೆ ಏನೋ ತಗ್ಯಾಕತ್ತಿದ್ದ ಅಂದ. ಪಿನ್ನು ಹಿಡಕೊಂಡು ಯಾರರ ಪೂಜಾ ಮಾಡ್ತಾರೇನ್ರಿ?"

"ಮತ್ಯಾಕ ಹೇಳ್ಲಿಲ್ಲ?"

ಅವಳು ಒಳಕೋಣೆಯ ಕಡೆ ಒಮ್ಮೆ ನೋಡಿ ದನಿ ತಗ್ಗಿಸಿದಳು. "ಪೂಜಾ ಮಾಡಾವ್ರು ಭಾಳ ಮಂದಿ ಬಂದು ಹೋದ್ರು. ಅಪ್ಪ ಯಾರನ್ನೂ ಒಲ್ಲೆ ಅಂದಿಲ್ಲ. ನಾನ ಒಲ್ಲೆ ಅಂದೆ. ಹೆಸರು ಅಪ್ಪಂದು." ಆಮೇಲೆ ಕರವಸ್ತ್ರದ ಕಡೆ ತೋರಿಸಿ ಹೇಳಿದಳು. "ಹೇಳಬ್ಯಾಡ್ರಿ. ಹೇಳೂದರ ಬದ್ಲಿ ಖರೇ ಮಾಡ್ರಿ."

ಅಷ್ಟರಲ್ಲಿ ಒಳಗೆ ಗಂಟೆಯ ಸದ್ದಾಗಿ ಪೂಜೆ ಮುಗಿಯಿತು. ನೀಲಾ ನನ್ನ ಅಂಗೈಯಿಂದ ಗುಂಡನ್ನು ಕರವಸ್ತ್ರದ ಸಮೇತ ಎತ್ತಿಕೊಂಡು ಸೆರಗಿನಲ್ಲಿ ಮುಚ್ಚಿ ಒಳಗೆ ಹೋದಳು. ಗುರುಪಾದಪ್ಪನವರು ಹೊರಗೆ ಬಂದು, ನನ್ನನ್ನು ಕಂಡು ಮುಖ ಅರಳಿಸಿ, "ಇಷ್ಟ್ ಜಲ್ದಿ? ಪೂಜಾ ಆತೇನ್ರಿ?" ಎಂದರು.

"ಜಳಕ ಆಗೇತ್ರಿ," ಎಂದೆ. ಅವತ್ತು ನಾನು ಅವರಿಗೆ ಹೇಳಿದ ಒಂದೇ ಸತ್ಯ ಅದು.

ಊಟ ಮಾಡಿಸಿ, ಬಸ್ ನಿಲ್ದಾಣದವರೆಗೆ ಅವರೇ ಬಂದು, ಕಿಟಕಿಯ ಪಕ್ಕದ ಸೀಟು ಹಿಡಿದು ಕೂಡಿಸಿ ಕಳಿಸಿದರು. ಗುಂಡು ಲಿಂಗಸುಗೂರಿನಲ್ಲೇ ಉಳಿಯಿತು. ನೆನಪಾದದ್ದು ಸಿಂಧನೂರಿಗೆ ಬಂದು ಖಾಲಿ ಮೌಸನ್ನು ಎಳೆದಾಡಿದಾಗ. ಯಾರನ್ನು ಕೇಳಲಿ, ಏನೆಂದು ಕೇಳಲಿ? ರಾಯಚೂರಿಗೆ ಫೋನು ಮಾಡಿ ಗುಂಡು ಹೋಗಿದೆ ಎಂದರೆ ಆ ಕೋಣೆಯ ಜನ ಮತ್ತೆ ನಗುತ್ತಾರೆ. ಮೌಸ್ ಇಲ್ಲದೆ ಬರೇ ಕೀಲಿಗಳನ್ನು ಒತ್ತಿ ಕೆಲಸ ಮಾಡುವುದನ್ನು ಹಲ್ಲು ಕಚ್ಚಿ ಕಲಿತೆ. ನಮ್ಮದೇ ಲಗ್ನಪತ್ರಿಕೆಯನ್ನೂ ಹಾಗೇ ಮಾಡಿದೆ. ಸುತ್ತಿನ ಅಂಗಡಿಯವರು ಬಂದು ನೋಡಿ, "ಮೌಸ್ ಮುಟ್ಟದಂಗ ಹೊಡೀತಾನಲೇ, ಹುಲಿ!" ಎಂದು ತಮ್ಮ ತಮ್ಮಲ್ಲೇ ಮಾತಾಡಿಕೊಂಡರು. ನಾನು ತಿದ್ದಲು ಹೋಗಲಿಲ್ಲ.

ಆಮೇಲೆ ಒಂದು ದಿನ ಮಸ್ಕಿ ಮಾಮಾ ಬಂದ. ಈ ಸಲ ಚಪ್ಪಲಿ ಹೊರಗೆ ಬಿಟ್ಟಿದ್ದ. ಬಾಯಿ ಖಾಲಿ ಇತ್ತು. ಎರಡೂ ಕೈಯಲ್ಲಿ ಬಿಳಿ ಬಟ್ಟೆಯ ಸಣ್ಣ ಗಂಟು ಹಿಡಿದು ನನ್ನ ಮುಂದೆ ಚಾಚಿದ.

"ತಗೋ. ನೀಲವ್ವ ಕಳಿಸ್ಯಾಳ. ನೀ ಬಿಟ್ಟು ಬಂದೀಯಂತ. ಲಿಂಗ ಬಿಟ್ಟು ಬರೂದು ಅಂದ್ರೇನಲೇ? ಬುದ್ಧಿ ಎಲ್ಲಿಟ್ಟಿದ್ದಿ? ಕೈ ಮೈಲಿಗಿ ಆಗಬಾರ್ದಂತ ದಾರಿ ತುಂಬ ಒಂದು ಎಲಿ ಹಾಕಿಲ್ಲ ನಾನು. ಬಸ್ಸಿನ್ಯಾಗ ತೊಡಿ ಮ್ಯಾಲ ಇಟಗೊಂಡು ಬಂದೀನಿ."

ನೀಲಾ ಅವನಿಗೆ ಏನನ್ನೂ ಹೇಳಿರಲಿಲ್ಲ, ಬಿಟ್ಟು ಹೋಗಿದ್ದಾರೆ, ಮುಟ್ಟಿಸಿ ಎಂದಿದ್ದಳಷ್ಟೇ. ಮೌಸಿನ ಗುಂಡು ಲಿಂಗಸುಗೂರಿಗೆ ಹೋಗಿತ್ತೆಂದು ಅರಿಯದ ಮಾಮಾ ಗಂಟನ್ನು ಮುಟ್ಟಿ ನೋಡಿ, ತಾನೇ ಭಕ್ತನಾಗಿಬಿಟ್ಟಿದ್ದ. ಅವನ ಎದುರಿಗೆ ಅದನ್ನು ಬಿಚ್ಚುವ ಧೈರ್ಯ ನನಗೆ ಆಗಲಿಲ್ಲ. ಕಣ್ಣಿಗೊತ್ತಿಕೊಂಡು ಮೇಜಿನ ಮೇಲಿಟ್ಟೆ.

ಮದುವೆಯಾಯಿತು. ಖರೇ ಮಾಡುವ ಮಾತನ್ನು ನಾನು ಮೊದಲ ವರ್ಷ ಚೆನ್ನಾಗಿಯೇ ನಡೆಸಿದೆ. ಎರಡನೆಯ ವರ್ಷದಿಂದ ಭಾನುವಾರ ರಜೆ ಬಂತು, ಆಮೇಲೆ ಹಂಗಾಮಿನ ರಜೆ ಬಂತು. ಆದರೆ ಮಾವನವರ ಮುಂದೆ ಮಾತ್ರ ಎಂದೂ ತಪ್ಪಿಸಲಿಲ್ಲ. ಮೊದಲ ಸಲ ಇಬ್ಬರೂ ಪಕ್ಕಪಕ್ಕ ಕುಳಿತಾಗ ಅವರು ನನ್ನ ಅಂಗೈ ಕಡೆ ಓರೆಗಣ್ಣಿನಿಂದ ನೋಡಿ, "ಆವತ್ತು ದೊಡ್ಡದು ಕಂಡಿತ್ತಲ್ಲ?" ಎಂದರು. "ಕಿಡಿಕ್ಯಾಗಿಂದ ಹಂಗ ಕಾಣತೈತಪಾ," ಎಂದು ಒಳಗಿನಿಂದ ನೀಲಾಳ ದನಿ ಬಂತು. ಅವರು ಮತ್ತೆ ಎಂದೂ ಆ ಮಾತೆತ್ತಲಿಲ್ಲ.

ಮಾವನವರು ಸಿಂಧನೂರಿಗೆ ಬಂದಾಗಲೆಲ್ಲ ಅಂಗಡಿಗೆ ಬಂದು ನನ್ನ ಎದುರಿನ ಕುರ್ಚಿಯಲ್ಲಿ ಕೂಡುತ್ತಿದ್ದರು. ಆಗಲೇ ಮೌಸಿಗೆ ತೌಡು ಅಡರುವುದು. ಅವರ ಮುಂದೆ ಗುಂಡು ತೆಗೆಯುವುದೆಂದರೆ ಹಳೆಯದನ್ನೆಲ್ಲ ಬಿಚ್ಚಿ ತೋರಿಸಿದಂತೆ. ನಾನು ಬೆವರುತ್ತ, ಕೀಲಿಗಳನ್ನು ಒತ್ತುತ್ತ, ಏನೂ ಆಗದವನಂತೆ ಕುಳಿತಿರುತ್ತಿದ್ದೆ. ಅವರು ಸ್ವಲ್ಪ ಹೊತ್ತು ನಿಂತ ಬಾಣವನ್ನು ನೋಡಿ, ಕನ್ನಡಕ ಸರಿಪಡಿಸಿಕೊಂಡು ಎದ್ದುಬಿಡುತ್ತಿದ್ದರು.

"ನಾ ಹೊರಗ ಒಂದೀಟು ಚಾ ಕುಡದು ಬರ್ತೀನಿ, ಅಳಿಯಂದ್ರ. ನೀವು ನಿಮ್ಮ ಕೆಲಸ ಸಾವಕಾಶ ಮುಗಸ್ಕೋರಿ."

ಅವರು ಪರದೆ ದಾಟಿದ್ದೇ ತಡ, ನಾನು ಗುಂಡು ತೆಗೆದು ತೊಳೆದು ಒರೆಸಿ ಹಾಕುತ್ತಿದ್ದೆ. ತಿರುಗಿ ಬರುವಾಗ ಅವರು ಬಾಗಿಲ ಹೊರಗೇ ನಿಂತು ಗಟ್ಟಿಯಾಗಿ ಕೆಮ್ಮಿ, ಆಮೇಲೆ ಒಳಗೆ ಬರುತ್ತಿದ್ದರು. ವಯಸ್ಸಿನ ಕೆಮ್ಮು ಎಂದುಕೊಂಡಿದ್ದೆ. ಒಮ್ಮೆ ಕಿಟಕಿಯಿಂದ ನೋಡಿದಾಗ ಎದುರಿನ ಬೇವಿನ ಮರದ ಕೆಳಗೆ, ಅಂಗಡಿಗೆ ಬೆನ್ನು ಮಾಡಿ, ಭತ್ತದ ಟ್ರ್ಯಾಕ್ಟರುಗಳನ್ನು ನೋಡುತ್ತ ನಿಂತಿದ್ದರು. ಕೈಯಲ್ಲಿ ಲೋಟ ಇರಲಿಲ್ಲ. ಕುಡಿದು ಮುಗಿಸಿರಬೇಕು ಎಂದುಕೊಂಡೆ.

ಹೊರಗಿನ ಚಹಾ ಮುಟ್ಟದ ಮನುಷ್ಯ ನಮ್ಮ ಸಿಂಧನೂರಿಗೆ ಬಂದು ಮೆತ್ತಗಾದರಲ್ಲ ಎಂದು ನನಗೆ ಒಳಗೊಳಗೇ ಹೆಮ್ಮೆ. ಅದು ನನ್ನ ಸಹವಾಸದ ಗುಣ ಎಂದೂ ಅನ್ನಿಸಿತ್ತು. ಆದರೆ ಮಾವನವರ ಗುಟ್ಟು ಅಳಿಯನ ಬಾಯಿಂದ ಹೊರಬೀಳಬಾರದು. ನೀಲಾಳಿಗೂ ಹೇಳಲಿಲ್ಲ. ಅವರು ಇದ್ದಷ್ಟು ದಿನವೂ ಹೇಳಲಿಲ್ಲ, ತೀರಿಕೊಂಡ ಮೇಲೂ ಹೇಳಲಿಲ್ಲ. ಅಷ್ಟೊತ್ತಿಗೆ ಗುಂಡಿನ ಮೌಸುಗಳೂ ಹೋಗಿ ದೀಪದವು ಬಂದಿದ್ದವು.

ಇವತ್ತು ಬೆಳಿಗ್ಗೆ ಯಾಕೋ ಹೇಳಿಬಿಟ್ಟೆ. ಸತ್ತ ಮೌಸು ಕೈಯಲ್ಲಿತ್ತು, ನೀಲಾ ಇನ್ನೂ ನಗುತ್ತ ಒಲೆಯ ಮುಂದೆ ಇದ್ದಳು. "ನಗಬ್ಯಾಡ, ನಿಮ್ಮ ಅಪ್ಪಂದೂ ಒಂದು ಐತಿ ನನ್ನ ಹಂತ್ಯಾಕ," ಎಂದು ಚಹಾದ ಕತೆಯನ್ನು ಪೂರ್ತಿ ಹೇಳಿದೆ. ಅವಳು ಕೇಳಿ ಇನ್ನೂ ಜೋರಾಗಿ ನಗುತ್ತಾಳೆ ಎಂದುಕೊಂಡಿದ್ದೆ.

ನೀಲಾ ಒಲೆ ಆರಿಸಿ ಹೊರಗೆ ಬಂದಳು.

"ಅಪ್ಪ? ಹೊರಗ ಚಾ?"

"ಹೂಂ. ಬಂದಾಗೊಮ್ಮೆ."

"ಕಡೀಕಡೀಕ ದವಾಖಾನ್ಯಾಗ ಇದ್ದಾಗ ಸೈತ ಮನಿಯಿಂದ ಒಯ್ದದ್ದು ಬಿಟ್ಟು ಒಂದು ಗುಟುಕು ಕುಡೀಲಿಲ್ರಿ ಅವ. ನೀವ ಅಲ್ಲೇನು ಬುತ್ತಿ ಒಯ್ಯಾಂವ?"

ಹೌದು, ಒಯ್ಯುತ್ತಿದ್ದವನು ನಾನೇ. ಇಬ್ಬರೂ ಒಬ್ಬರನ್ನೊಬ್ಬರು ನೋಡಿದೆವು. ಬೇವಿನ ಮರ, ಬೆನ್ನು, ಖಾಲಿ ಕೈ, ಬಾಗಿಲ ಹೊರಗಿನ ಕೆಮ್ಮು ಎಲ್ಲ ಒಟ್ಟಿಗೆ ಬಂದು ನನ್ನ ಮುಂದೆ ನಿಂತವು. ಲಿಂಗಸುಗೂರಿನಲ್ಲೂ ಆಗ ಕಚೇರಿ ಕಚೇರಿಗೆ ಕಂಪ್ಯೂಟರ್ ಬಂದಿದ್ದವು. ಯಾವುದೋ ಕೌಂಟರಿನ ಮುಂದೆ ನಿಂತು, ಯಾರೋ ಗುಮಾಸ್ತ ಹೊಟ್ಟೆಯಿಂದ ಗುಂಡು ತೆಗೆದು ಅಂಗಿಗೆ ಒರೆಸಿದ್ದನ್ನು ಅವರು ನೋಡಿರಬೇಕು. ನೋಡಿ, ಮನೆಗೆ ಬಂದು ಮಗಳಿಗೂ ಹೇಳದೆ, ನನ್ನನ್ನೂ ಕೇಳದೆ, ಮುಂದಿನ ಸಲ ನನ್ನ ಬಾಣ ನಿಂತಾಗ ಎದ್ದು ಬಿಸಿಲಿಗೆ ಹೋಗಿ ನಿಂತರು. ನಾನು ತೊಳೆದು ಮುಗಿಸಲಿ ಎಂದು. ಮೊದಲ ದಿನ ಕಿಟಕಿಯಿಂದ ತಿರುಗಿ ಹೋದಂತೆಯೇ.

ಅವರ ಗುಟ್ಟನ್ನು ಕಾಯುತ್ತಿದ್ದೇನೆಂದು ಇಷ್ಟು ವರ್ಷ ಬೀಗುತ್ತಿದ್ದೆನಲ್ಲ! ಅವರು ಇದ್ದಿದ್ದರೆ ಕಾಲು ಮುಟ್ಟುತ್ತಿದ್ದೆ. ನೀಲಾ ಸೆರಗಿನಿಂದ ಕಣ್ಣು ಒರೆಸಿಕೊಂಡಳು.

ಗಡಿಯಾರದ ಸೆಲ್ ತೆಗೆದು ಮೌಸಿಗೆ ಹಾಕಿದೆ. ದೀಪ ಹತ್ತಿತು, ಬಾಣ ಅತ್ತೆಯವರ ಮೂಗಿನಿಂದ ಇಳಿಯಿತು. ಫೋಟೋ ನೋಡುವ ಮನಸ್ಸಾಗಲಿಲ್ಲ. ಯಂತ್ರ ಆರಿಸಿ, ಟವೆಲ್ಲು ಹೆಗಲಿಗೆ ಹಾಕಿಕೊಂಡು ಬಚ್ಚಲಿಗೆ ನಡೆದೆ. ಜಳಕ ಮಾಡಿ ಬಂದು ಜಗಲಿಯ ಮೇಲಿನ ಕರಡಗಿಯನ್ನು ಕೈಗೆತ್ತಿಕೊಂಡಾಗ ನೀಲಾ ಬಾಗಿಲಲ್ಲಿದ್ದಳು. ಈ ಸಲ ನಗಲಿಲ್ಲ. ಬಾಗಿಲನ್ನು ಮೆಲ್ಲಗೆ ಎಳೆದುಕೊಳ್ಳುತ್ತ ಹೇಳಿದಳು.

"ಸಾವಕಾಶ ಮುಗಸ್ಕೋರಿ. ನಾ ಹೊರಗ ಚಾ ಕುಡಕೋತ ಕುಂತಿರ್ತೀನಿ."